ಶಾಲೆಯ ಕೆಳಗಿನ ಆರು ಕಂಬ

ಲಾರೆಲ್ ಗ್ಯಾಪ್ ಊರಿನ ಮೇಯರ್ ಬಾರ್ಟ್ಲಿ ಹೆಶನ್‌ಗೆ ಆ ಸೋಮವಾರ ಫಾದರ್ ಕ್ರೀಗನ್ ಹೇಳಿ ಕಳಿಸಿದ್ದು ಒಂದು ಬಾಗಿಲಿನ ವಿಷಯಕ್ಕೆ. ಚರ್ಚಿನ ಶಾಲೆಯಲ್ಲಿ ಒಂದನೇ ತರಗತಿಯ ಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ. ಬಡಗಿ ಬಂದು ಎರಡು ಸಲ ಹೆರೆದು ಹೋಗಿದ್ದ. ಹೆರೆದ ಮಾರನೆಯ ದಿನವೇ ಅದು ಮತ್ತೆ ಚೌಕಟ್ಟನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು.

"ಮರ ಹಸಿ ಇರ್ಬೇಕು ಫಾದರ್," ಅಂದ ಬಾರ್ಟ್ಲಿ.

"ಶಾಲೆ ಕಟ್ಟಿ ಮೂರು ವರ್ಷ ಆಯ್ತಲ್ಲಪ್ಪ, ಇನ್ನೂ ಹಸೀನಾ? ಕೆಳಗೆ ಬಾ, ಇನ್ನೊಂದು ತೋರಿಸ್ತೀನಿ."

ನೆಲಮಾಳಿಗೆಯ ಪೂರ್ವದ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿತ್ತು. ನೆಲದಿಂದ ಎದ್ದು ಎದೆಯ ಮಟ್ಟಕ್ಕೆ ಬಂದಿತ್ತು. ಅದರ ಬುಡದಲ್ಲಿ ಹಳೆಯ ಕಂಬಳಿಯ ಚೂರೊಂದನ್ನು ತುರುಕಿದ್ದರು. "ಅಲ್ಲಿಂದ ಗಾಳಿ ಹೊಡೀತಿತ್ತು. ಸಿಸ್ಟರ್ ಬೆನಿಗ್ನಾ ಮುಚ್ಚಿದಾರೆ, ಮಕ್ಕಳಿಗೆ ನೆಗಡಿ ಆಗತ್ತೆ ಅಂತ," ಅಂದರು ಫಾದರ್.

ಬಾರ್ಟ್ಲಿ ಕುಂಟುಗಾಲನ್ನು ಮಡಿಸಿಕೊಂಡು ಕೂತು ಕಂಬಳಿಯ ಚೂರನ್ನು ಎಳೆದ. ತಣ್ಣನೆಯ ಗಾಳಿ ಅಂಗೈಗೆ ತಾಗಿತು. ಅದರ ಹಿಂದೆಯೇ ವಾಸನೆ ಬಂತು. ಚಾವಣಿಗೆ ಕೊಟ್ಟು ಕೊಳೆತ ಆಸರೆಮರ, ಸಿಡಿಮದ್ದಿನ ಹಳೆಯ ಹೊಗೆ, ಹೇಸರಗತ್ತೆಯ ಉಚ್ಚೆ, ನಿಂತ ನೀರು. ಗಣಿಯ ಕೆಲಸ ಬಿಟ್ಟು ಹದಿನೈದು ವರ್ಷವಾಗಿತ್ತು; ಆ ವಾಸನೆ ಮಾತ್ರ ಹುಟ್ಟಿದೂರಿನ ಗುರುತಿನವನ ಹಾಗೆ ನೇರವಾಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟಿತು.

"ಏನಂತೀಯ?" ಅಂದರು ಫಾದರ್.

"ನೋಡ್ತೀನಿ," ಅಂದ ಬಾರ್ಟ್ಲಿ. ಕಂಬಳಿಯ ಚೂರನ್ನು ಮತ್ತೆ ತುರುಕಿ, ಮಂಡಿಯ ಧೂಳು ಕೊಡವಿಕೊಂಡು ಎದ್ದ. ಅವನಿಗಾಗ ಐವತ್ತೊಂದು ವರ್ಷ.

ಲಾರೆಲ್ ಗ್ಯಾಪಿನಲ್ಲಿ ಬಾರ್ಟ್ಲಿಯನ್ನು ಅರಿಯದವರಿಲ್ಲ. ಕಡಲಾಚೆಯ ಮೇಯೋ ಸೀಮೆಯ ಒಂದು ಕಲ್ಲುಗುಡ್ಡೆಯಿಂದ ಹತ್ತೊಂಬತ್ತು ವರ್ಷದವನಿದ್ದಾಗ ಬಂದವನು. ಹೊರಡುವ ಹಿಂದಿನ ದಿನ ಅವನ ತಾಯಿ, ಸತ್ತ ಮಗನ ಮುಂದೆ ಅಳುವ ಹಾಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಅತ್ತಿದ್ದಳು. ಅದು ಅಲ್ಲಿಯ ಪದ್ಧತಿ. ಕಡಲು ದಾಟಿದವನು ತಿರುಗಿ ಬರುವುದಿಲ್ಲ, ಅವನ ಸಾವಿನ ಸುದ್ದಿ ಬಂದಾಗ ಅಳುವುದಕ್ಕೆ ತಾವೇ ಇರುತ್ತೇವೋ ಇಲ್ಲವೋ, ಅದಕ್ಕೆ ಮೊದಲೇ ಅತ್ತುಬಿಡುತ್ತಾರೆ. ಹಾಗೆ ಅಳಿಸಿಕೊಂಡು ಬಂದವನು ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಊರಿನಲ್ಲಿ ಹದಿನಾರು ವರ್ಷ ನೆಲದ ಕೆಳಗೆ ದುಡಿದ. ಬಂಡೆಯೊಂದು ಕಾಲು ಮುರಿದ ಮೇಲೆ ಹೆಣ ಸಾಗಿಸುವ ಸಂಘದ ಕಾರ್ಯದರ್ಶಿಯಾದ. ಓದು ಬಾರದವರಿಗೆಲ್ಲ ಊರಿಗೆ ಕಾಗದ ಬರೆದುಕೊಟ್ಟ. ಯಾರ ಮನೆಯಲ್ಲಿ ಸಾವಾದರೂ ಪಾದ್ರಿಗಿಂತ ಮೊದಲು ಬಾಗಿಲಲ್ಲಿ ಇವನಿರುತ್ತಿದ್ದ. ಹೆಂಡತಿ ಡೆಲಿಯಾ ತೀರಿಕೊಂಡ ವರ್ಷ ಜನ ತಾವಾಗಿಯೇ ಅವನನ್ನು ಮೇಯರ್ ಮಾಡಿದರು. "ನಮ್ಮ ಹೆಣ ಹೊತ್ತವನು, ನಮ್ಮ ಊರನ್ನೂ ಹೊರಲಿ," ಅಂದಿದ್ದರು.

ಮಾರನೆಯ ದಿನ ಬಾರ್ಟ್ಲಿ ಕಂಪನಿಯ ಕಚೇರಿಗೆ ಹೋದ. ಇಂಜಿನಿಯರ್ ಪ್ರಾಸರ್ ವೇಲ್ಸಿನವನು, ಮಾತಿನಲ್ಲಿ ಜಿಪುಣ. ಮೇಜಿನ ಮೇಲೆ ನಕ್ಷೆ ಹಾಸಿ ಬೆರಳಿಟ್ಟು ತೋರಿಸಿದ. ಶಾಲೆಯ ಕೆಳಗೆ ನೂರಿಪ್ಪತ್ತು ಅಡಿ ಆಳದಲ್ಲಿ ಹಳೆಯ ಗಣಿ. ಅಲ್ಲಿ ಕಲ್ಲಿದ್ದಲು ತೆಗೆದ ಕೋಣೆಗಳು, ಕೋಣೆ ಕೋಣೆಯ ನಡುವೆ ಚಾವಣಿ ಹೊರಲೆಂದು ಬಿಟ್ಟ ಕಲ್ಲಿದ್ದಲಿನದೇ ಕಂಬಗಳು. ಒಂದೊಂದೂ ಮೂವತ್ತು ಅಡಿ ದಪ್ಪ.

"ಈ ಊರಲ್ಲಿ ಇದಕ್ಕಿಂತ ಗಟ್ಟಿ ನೆಲ ಇಲ್ಲ ಮೇಯರ್ರೇ. ಅದಕ್ಕೇ ಅಲ್ವಾ ಶಾಲೆಗೆ ಈ ಜಾಗ ಕೊಟ್ಟಿದ್ದು. ನೀವೇ ಒಪ್ಕೊಂಡು ಸಹಿ ಹಾಕಿದ್ರಿ."

"ಇದನ್ನ ಅಳೆದಿದ್ದು ಯಾವಾಗ?"

"ಹದಿನೆಂಟುನೂರ ಎಂಬತ್ತೊಂಬತ್ತರಲ್ಲಿ. ದಾರ ಹಿಡಿದು, ಒಂದೊಂದು ಕಂಬಾನೂ."

ದಾರ ಹಿಡಿದು ಅಳೆದವನ ಮುಖ ಕೂಡ ಬಾರ್ಟ್ಲಿಗೆ ನೆನಪಿತ್ತು. ಕೆಂಪು ಮೀಸೆಯ ಹುಡುಗ. ಅಷ್ಟು ಹೊತ್ತೂ ಕೆಮ್ಮುತ್ತಿದ್ದ.

ಆದರೂ ಮನುಷ್ಯ ಆಸೆ ಬಿಡುವುದಿಲ್ಲ. ಕೆಳಗೆ ದುಡಿಯುವವನಿಗೆ ತನ್ನ ತಲೆಯ ಮೇಲೆ ಯಾವ ಬೀದಿ, ಯಾರ ಮನೆ ಎಂಬುದು ಗೊತ್ತಿರುವುದಿಲ್ಲ. ಅವನ ಊರೇ ಬೇರೆ. ಅಲ್ಲಿಯ ಗುರುತುಗಳು ಬೇರೆ: ನೀರು ಸೋರುವ ತಿರುವು, ಹೇಸರಗತ್ತೆ ಸತ್ತ ಜಾಗ, ಒಂಬತ್ತನೇ ಕೋಣೆ. ಮೇಲಿನ ಊರನ್ನೂ ಕೆಳಗಿನ ಊರನ್ನೂ ಒಂದರ ಮೇಲೊಂದು ಇಟ್ಟು ನೋಡುವ ಗೋಜಿಗೆ ಯಾವ ಗಣಿಯವನೂ ಹೋಗುವುದಿಲ್ಲ. ಬಾರ್ಟ್ಲಿಯೂ ಹೋಗಿರಲಿಲ್ಲ. ಜಾಗಕ್ಕೆ ಸಹಿ ಹಾಕಿದ ದಿನ ತಾನು ದುಡಿದದ್ದು ಹೊಳೆಯ ಕಡೆ ಎಂದೇ ಅವನು ನಂಬಿದ್ದ. ಈಗಲೂ ಹಾಗೇ ಇರಬಹುದು. ಇರಲಿ ದೇವರೇ ಎಂದುಕೊಂಡ.

ನೋಡುವುದಕ್ಕೆ ಒಂದೇ ದಾರಿಯಿತ್ತು. ಬುಧವಾರ ಬೆಳಿಗ್ಗೆ ಅವನು ಮುಚ್ಚಿಹೋದ ಹಳೆಯ ಗಣಿಬಾಯಿಯ ಹತ್ತಿರ ಹೋಗಿ ನಿಂತ. ಕೆಳಗಿನ ನಡುದಾರಿಯಲ್ಲಿ ಗಾಡಿಯ ಹಳಿಯ ಅಡ್ಡಮರಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಕತ್ತಲಲ್ಲಿ ಆರು ವರ್ಷ ನಡೆದಿದ್ದ. ತಲೆ ಮರೆತರೂ ಕಾಲು ಮರೆತಿರಲಿಲ್ಲ. ಈಗ ಮೇಲಿನ ನೆಲದಲ್ಲಿ ಅದೇ ಹೆಜ್ಜೆಗಳನ್ನು ಒಂದು, ಎರಡು, ಎಂದು ಎಣಿಸುತ್ತ ಹೊರಟ. ಗಣಿಯ ದಾರಿ ಬೀದಿ ನೋಡಿಕೊಂಡು ಹೋಗುವುದಿಲ್ಲ. ಬೇಲಿ ದಾಟಿದ, ಎಲೆಕೋಸಿನ ಪಾತಿ ತುಳಿದ. ಒಂದು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈ ಸೊಂಟಕ್ಕಿಟ್ಟು ನಿಂತಳು.

"ಏನ್ ಮೇಯರ್ರೇ, ಬೆಳಬೆಳಿಗ್ಗೇನೇ ಹಾಕ್ಕೊಂಡ್ಬಿಟ್ರಾ?"

"ಲೆಕ್ಕ ತಪ್ಪಿಸ್ಬೇಡಮ್ಮ. ಇನ್ನೂರ ನಲವತ್ತು, ಇನ್ನೂರ ನಲವತ್ತೊಂದು..."

"ನನ್ ಹಂದಿಗೂಡಲ್ಲಿ ಯಾವ ಲೆಕ್ಕ ಸ್ವಾಮಿ? ಹಂದಿಗೆ ಓಟಿಲ್ಲ, ಗೊತ್ತಲ್ಲ?"

ಮುನ್ನೂರ ಹತ್ತಕ್ಕೆ ನೀರು ಸೋರುವ ತಿರುವು. ಅಲ್ಲಿ ಎಡಕ್ಕೆ ತಿರುಗಬೇಕು. ಬಾರ್ಟ್ಲಿ ಎಡಕ್ಕೆ ತಿರುಗಿದ. ಹೊಳೆ ಬಲಕ್ಕೆ ಉಳಿಯಿತು. ಹಾಗಾದರೆ ತಾನು ದುಡಿದದ್ದು ಹೊಳೆಯ ಕಡೆಯಲ್ಲ. ಕಾಲು ಮಾತ್ರ ನಿಲ್ಲಲಿಲ್ಲ. ಮೊದಲ ಕೋಣೆ, ಎರಡನೆಯದು, ಮೂರನೆಯದು. ಆರನೆಯ ಕೋಣೆಗೆ ಶಾಲೆಯ ಬೇಲಿ ಬಂತು. ಒಂಬತ್ತನೆಯದಕ್ಕೆ ಒಂದನೇ ತರಗತಿಯ ಕಿಟಕಿಯ ಕೆಳಗೆ ನಿಂತಿದ್ದ. ಒಳಗೆ ಮಕ್ಕಳು ಒಂದೇ ರಾಗದಲ್ಲಿ ಹೇಳುತ್ತಿದ್ದವು: "ನಮ್ಮನ್ನು ಸೃಷ್ಟಿಸಿದವರು ಯಾರು? ದೇವರು ನಮ್ಮನ್ನು ಸೃಷ್ಟಿಸಿದರು."

ಅವನು ಗೋಡೆಗೆ ಒರಗಿಕೊಂಡ. ಒರಗಿಕೊಂಡವನು ತಕ್ಷಣ ಗೋಡೆಯಿಂದ ದೂರ ಸರಿದ.

ಅದು ಎಂಬತ್ತೆಂಟರ ಚಳಿಗಾಲದ ಮಾತು. ಬಾರ್ಟ್ಲಿಗೂ ಅವನ ಜೊತೆಗಾರ ಮರ್ಟ್ ಲಾಫ್ಟಸ್‌ಗೂ ಕೊಟ್ಟಿದ್ದ ಒಂಬತ್ತನೇ ಕೋಣೆಯಲ್ಲಿ ಕಲ್ಲಿದ್ದಲಿನ ಪದರ ಮುಗಿದು ಬರೀ ಬಂಡೆ ಬಂದಿತ್ತು. ಗಾಡಿ ತುಂಬಿದರೆ ಕೂಲಿ, ಬಂಡೆಗೆ ಕೂಲಿಯಿಲ್ಲ. ಬೇರೆ ಕೋಣೆ ಕೊಡಿ ಎಂದರೆ ಮೇಸ್ತ್ರಿ, ಬಾಯಿ ದೊಡ್ಡದು ಮಾಡಿದವರಿಗೆ ಕೋಣೆಯಿಲ್ಲ ಎಂದ. ಮರ್ಟ್‌ನ ಮನೆಯಲ್ಲಿ ಎರಡು ಕೂಸು, ಬಾರ್ಟ್ಲಿಯ ಡೆಲಿಯಾ ಏಳು ತಿಂಗಳ ಬಸುರಿ. ಒಂದು ದಿನ ಮರ್ಟ್ ಕಂಬಕ್ಕೆ ಗುದ್ದಲಿಯ ತುದಿ ತಾಗಿಸಿ ನೋಡಿದ. ಮೇಲಿನ ಭಾರಕ್ಕೆ ಕಂಬದ ಕಲ್ಲಿದ್ದಲು ಸಡಿಲಾಗಿರುತ್ತದೆ, ಬೆಣ್ಣೆಯ ಹಾಗೆ ಬರುತ್ತದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೊಟ್ಟೆ ಎಂಬುದು ಎದುರಿಗೆ ನಿಂತಾಗ ಕಂಬ ಯಾರ ಕಣ್ಣಿಗೂ ಕಾಣುವುದಿಲ್ಲ.

ಆ ಚಳಿಗಾಲದಲ್ಲಿ ಆರು ಕಂಬಗಳನ್ನು ಸುತ್ತಲಿಂದ ಕೆತ್ತಿದರು. ಮೂವತ್ತು ಅಡಿಯದು ಹತ್ತು ಅಡಿಗೆ ಬಂತು. ಸರ್ವೆಯವರು ಬರುತ್ತಾರೆಂದು ತಿಳಿದಾಗ ಕೆತ್ತಿದ ಜಾಗದಲ್ಲೆಲ್ಲ ಸೀಳುಕಲ್ಲು ಪೇರಿಸಿ, ಕಲ್ಲಿದ್ದಲಿನ ಪುಡಿಯನ್ನು ಕೆಸರಿನಲ್ಲಿ ಕಲಸಿ ಮೆತ್ತಿ, ಕಂಬವನ್ನು ಮೊದಲಿನಷ್ಟೇ ದಪ್ಪ ಮಾಡಿ ನಿಲ್ಲಿಸಿದರು. ಎಣ್ಣೆದೀಪದ ಬೆಳಕಿನಲ್ಲಿ ಕೆಂಪು ಮೀಸೆಯ ಹುಡುಗನಿಗೆ ಅದೂ ಕಪ್ಪು, ಇದೂ ಕಪ್ಪು. ದಾರ ಸುತ್ತಿದ, ಬರೆದುಕೊಂಡ, ಕೆಮ್ಮುತ್ತ ಹೋದ. ಬೆನ್ನ ಹಿಂದೆ ಮರ್ಟ್ ನಗು ತಡೆಯಲಾರದೆ ಟೊಪ್ಪಿಗೆ ಕಚ್ಚಿ ಹಿಡಿದಿದ್ದ.

ಮರ್ಟ್ ಸತ್ತದ್ದು ಅದಾಗಿ ಒಂಬತ್ತು ವರ್ಷಕ್ಕೆ, ಬೇರೆ ಗಣಿಯಲ್ಲಿ. ಚಾವಣಿ ಬೀಳುವಾಗ ಇಬ್ಬರು ಸ್ಲೋವಾಕ್ ಕೂಲಿಗಳನ್ನು ಆಚೆ ತಳ್ಳಿ ತಾನು ಉಳಿದುಕೊಂಡ. ಶಾಲೆ ಕಟ್ಟಿದಾಗ ಊರೆಲ್ಲ ಸೇರಿ ಬಾಗಿಲ ಪಕ್ಕದ ಕಲ್ಲಿನಲ್ಲಿ ಅವನ ಹೆಸರು ಕೊರೆಸಿತು. ಅವನ ಹೆಂಡತಿ ಸಬೀನಾ ಭಾನುವಾರ ಪೂಜೆ ಮುಗಿಸಿ ಬರುವಾಗ ಆ ಕಲ್ಲನ್ನು ಶಾಲಿನ ತುದಿಯಿಂದ ಒರೆಸಿ ಬರುತ್ತಿದ್ದಳು. ಆ ಊರಿನಲ್ಲಿ ಅವಳಿಗಿದ್ದ ಆಸ್ತಿ ಅದೊಂದೇ.

ಬಾರ್ಟ್ಲಿ ಮೊದಲು ಹೋದದ್ದು ಅವಳ ಮನೆಗೆ. ಅವಳು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದಳು. ಏಳು ವರ್ಷದ ಮೊಮ್ಮಗಳು ಯೂನಾ ಶಾಲೆಗೆ ಹೋಗಿದ್ದಳು. ಬಾರ್ಟ್ಲಿ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಎಲ್ಲ ಹೇಳಿದ. ಅವಳು ಚಾಕು ನಿಲ್ಲಿಸಲಿಲ್ಲ.

"ಮರ್ಟ್ ನಿನ್ ಹತ್ರ ಏನಾದ್ರೂ ಹೇಳಿದ್ನಾ ಸಬೀನಾ?"

"ನಂಗೇನೂ ಗೊತ್ತಿಲ್ಲ."

"ಶಾಲೆ ಮುಚ್ಚಿಸ್ಬೇಕು. ಯಾಕೆ ಅಂತ ಕೇಳ್ತಾರೆ. ನಕ್ಷೆ ಸುಳ್ಳು ಅಂತ ಹೇಳ್ಬೇಕಾಗತ್ತೆ. ಹೇಳಿದ್ರೆ..."

"ಹೇಳು. ನಿನ್ ಹೆಸರು ಹೇಳು. ನಿಂಗೆ ಬಾಯಿದೆ, ಕುರ್ಚಿ ಇದೆ, ನೀನು ಬದುಕಿದೀಯ. ಬಯ್ದ್ರೆ ತಿರುಗಿ ಬಯ್ಯೋಕಾಗತ್ತೆ. ಅವನಿಗೆ ಏನಿದೆ? ಒಂದು ಕಲ್ಲು."

"ನಾವಿಬ್ರೂ ಸೇರಿ..."

"ನಾನು ಕಿವುಡಿ ಅಲ್ಲ ಬಾರ್ಟ್ಲಿ ಹೆಶನ್." ಈಗ ಅವಳು ಚಾಕು ಕೆಳಗಿಟ್ಟಳು. "ಅವನ ಹೆಣ ತಂದು ಈ ಮೇಜಿನ ಮೇಲೆ ಇಟ್ಟವನು ನೀನು. ಮುಖ ನೋಡ್ಬೇಡ ಸಬೀನಾ, ಕೈ ಮಾತ್ರ ಹಿಡ್ಕೋ ಅಂದಿದ್ದೆ. ನಾನು ನಿನ್ ಮಾತು ಕೇಳ್ದೆ. ಇವತ್ತು ನೀನು ನನ್ ಮಾತು ಕೇಳು. ಒಬ್ಬನೇ ಮಾಡ್ದೆ ಅನ್ನು."

ಬಾರ್ಟ್ಲಿ ಆಗಲಿ ಎಂದ. ಹೇಳುವಾಗ ಅದೇನೂ ದೊಡ್ಡ ಸುಳ್ಳಾಗಿ ಕಾಣಲಿಲ್ಲ. ಸತ್ತವನಿಗೊಂದು ಉಪಕಾರ, ಅಷ್ಟೇ.

ಶನಿವಾರ ಮಧ್ಯಾಹ್ನ ಅಗ್ನಿಶಾಮಕ ಮನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಊರಿನ ಹಿರಿಯರು ಏಳು ಜನ, ಎಲ್ಲರೂ ಒಂದು ಕಾಲದಲ್ಲಿ ಗುದ್ದಲಿ ಹಿಡಿದವರೇ. ಗೋಡೆಗುಂಟ ಫಾದರ್, ಪ್ರಾಸರ್, ಮಕ್ಕಳ ತಂದೆತಾಯಿಗಳು. ಕಪ್ಪು ಶಾಲು ಹೊದ್ದ ಸಬೀನಾ ಬಾಗಿಲ ಬಳಿ ನಿಂತಿದ್ದಳು. ಬಾರ್ಟ್ಲಿ ಎದ್ದು ನಿಂತು, ತಾನು ಆರು ಕಂಬ ಕೆತ್ತಿದ್ದು, ಕಲ್ಲು ಪೇರಿಸಿ ಮುಚ್ಚಿದ್ದು, ಎಲ್ಲವನ್ನೂ ಹೇಳಿದ. "ಒಬ್ಬನೇ ಮಾಡಿದೆ," ಎಂದ.

ಡಿನ್ನಿ ಗಿಲ್ರಾಯ್ ಕುರ್ಚಿ ಹಿಂದಕ್ಕೆ ತಳ್ಳಿದ. ಸಾರಾಯಿ ಅಂಗಡಿಯವನು, ಮುಂದಿನ ಸಲ ಮೇಯರ್ ಆಗಬೇಕೆಂದು ಕಾದು ಕೂತವನು. ಆದರೆ ಅವನು ಕೇಳಿದ ಪ್ರಶ್ನೆ ಆ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದೇ.

"ಒಬ್ಬನೇನಾ?"

"ಒಬ್ಬನೇ."

"ಕೆತ್ತಿದ್ದು ನೀನೇ, ಆಸರೆಮರ ಎತ್ತಿ ನಿಲ್ಸಿದ್ದು ನೀನೇ, ಗಾಡಿ ತುಂಬಿದ್ದು ನೀನೇ, ಆಮೇಲೆ ಆರು ಕಂಬಕ್ಕೆ ಕಲ್ಲಿನ ಅಂಗಿ ಹೊಲಿದಿದ್ದೂ ನೀನೇ. ಮರ್ಟ್ ಅಲ್ಲೇ ಇದ್ನಲ್ಲಪ್ಪ. ಏನ್ ಮಾಡ್ತಿದ್ದ ಅವನು? ಜಪಮಾಲೆ ಎಣಿಸ್ತಿದ್ನಾ?"

ಹಿಂದಿನಿಂದ ಯಾರೋ ನಕ್ಕರು.

"ಜೊತೆಗಾರ ಇಲ್ದೆ ಯಾವನಯ್ಯ ಕಂಬ ಕೆತ್ತೋದು?" ಇನ್ನೊಬ್ಬ ಹಿರಿಯ ಹೇಳಿದ. "ಒಬ್ಬ ಗುದ್ದಲಿ ಹಾಕ್ಬೇಕಾದ್ರೆ ಇನ್ನೊಬ್ಬ ಚಾವಣಿ ಬಿರಿಯೋ ಸದ್ದಿಗೆ ಕಿವಿ ಕೊಟ್ಟು ನಿಂತಿರ್ಬೇಕು. ಇಲ್ಲಾಂದ್ರೆ ಮೊದಲನೇ ದಿನಾನೇ ಹೆಣ. ನಮಗೇ ಹೇಳ್ಕೊಡ್ತೀಯಾ?"

ಬಾರ್ಟ್ಲಿಗೆ ಆಗ ತಾನು ಮಾಡಿದ್ದು ತಿಳಿಯಿತು. ಈ ಸುಳ್ಳನ್ನು ಬೇರೆ ಯಾವ ಊರಿನ ಸಭೆಯಲ್ಲಿ ಹೇಳಿದ್ದರೂ ನಡೆಯುತ್ತಿತ್ತು. ಇಲ್ಲಿ ಕೂತವರಲ್ಲಿ ಒಬ್ಬೊಬ್ಬನೂ ಅದನ್ನು ಬೆರಳಿಂದ ತಟ್ಟಿ ನೋಡಿ, ಟೊಳ್ಳು ಎಂದು ತಿಳಿಯಬಲ್ಲವನು.

"ಮೇಯರ್ರಿಗೆ ಹುಷಾರಿಲ್ಲ," ಅಂದ ಪ್ರಾಸರ್ ನಯವಾಗಿ. "ಮಕ್ಕಳು ಊರಲ್ಲಿಲ್ಲ, ಹೆಂಡತಿ ಹೋದ್ಮೇಲೆ ಒಬ್ರೇ ಇದಾರೆ."

"ಮೊನ್ನೆ ಹಂದಿಗೂಡಲ್ಲಿ ಎಣಿಸ್ತಾ ಓಡಾಡ್ತಿದ್ರು," ಎಂದಿತು ಹೆಂಗಸಿನ ದನಿಯೊಂದು, ನಗದೆ.

ಬಾರ್ಟ್ಲಿ ಬಾಗಿಲ ಕಡೆ ನೋಡಿದ. ಸಬೀನಾ ಅವನನ್ನೇ ನೋಡುತ್ತಿದ್ದಳು. ಕಣ್ಣಿನಲ್ಲಿ ಬೇಡಿಕೆಯಿರಲಿಲ್ಲ, ಬರೀ ಕಾಯುವಿಕೆಯಿತ್ತು. ಅವನು ಟೊಪ್ಪಿಗೆಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಕಿವಿಯಲ್ಲಿ ಒಂದನೇ ತರಗತಿಯ ಮಕ್ಕಳ ರಾಗ.

"ಇಬ್ಬರಿದ್ವಿ," ಎಂದ. "ಮರ್ಟ್ ಇದ್ದ. ಮೊದಲ ಗುದ್ದಲಿ ಅವನದು."

ಸಬೀನಾ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು. ಒಂದೊಂದು ಮೆಟ್ಟಿಲಿನ ಸದ್ದೂ ಮೇಲೆ ಕೇಳಿಸಿತು.

"ಥೂ," ಅಂದ ಡಿನ್ನಿ. ಅವನ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಒಂದು ಗಳಿಗೆ ಹಿಂದೆ ಒಬ್ಬನೇ ಅಂದೆ. ಈಗ ಇಬ್ಬರು ಅಂತೀಯ. ಇನ್ನೊಂದು ಸಲ ಕೇಳಿದ್ರೆ ಮೇಯೋ ಸೀಮೆ ಪೂರಾ ಬಂದಿತ್ತು ಅಂತೀಯ. ಸತ್ತವನ ಬಾಯಿಗೆ ಮಣ್ಣು ಹಾಕೋಕೆ ಹೇಗೆ ಮನಸ್ಸು ಬಂತೋ ನಿಂಗೆ?"

ನಂಬಿದವರಿಲ್ಲ. ಹಾಗಂತ ಅವನ ಕೈಯ ಅಧಿಕಾರವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅದೇ ಮೇಜಿನ ಮೇಲೆ, ಅವರ ಎದುರಿಗೇ, ಬಾರ್ಟ್ಲಿ ಶಾಲೆ ಮುಚ್ಚುವ ಆಜ್ಞೆ ಬರೆದು ಸಹಿ ಹಾಕಿದ. ಸೋಮವಾರ ಬಾಗಿಲಿಗೆ ಬೀಗ ಬಿತ್ತು. ಒಂಬತ್ತು ವರ್ಷ ಬೀದಿ ಬೀದಿ ತಿರುಗಿ ಚಂದಾ ಎತ್ತಿ ಆ ಶಾಲೆ ಕಟ್ಟಿದ್ದ ಫಾದರ್ ಕ್ರೀಗನ್ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, "ದೇವರು ನಿನ್ನ ಕ್ಷಮಿಸ್ಲಿ, ನಂಗೆ ಸ್ವಲ್ಪ ದಿನ ಬೇಕು," ಅಂದರು.

ಕಂಪನಿ ಸುಮ್ಮನಿರಲಿಲ್ಲ. ಕೊರೆಯುವ ಯಂತ್ರ ತಂದು ಶಾಲೆಯ ಪೂರ್ವದ ಮೂಲೆಯಲ್ಲಿ ನೆಲಕ್ಕೆ ಒಂದು ತೂತು ಇಳಿಸಿತು. ಎಂಟು ದಿನ ಊರೆಲ್ಲ ಸುತ್ತ ನಿಂತು ನೋಡಿತು. ಒಂಬತ್ತನೆಯ ದಿನ ನೂರಿಪ್ಪತ್ತು ಅಡಿಯಲ್ಲಿ ಗಟ್ಟಿ ಕಲ್ಲಿದ್ದಲು ಸಿಕ್ಕಿತು. ಪ್ರಾಸರ್ ಆ ಕರಿಯ ತುಂಡನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಅದು ಕಂಬದ ನಡು!" ಬಾರ್ಟ್ಲಿ ಕೂಗಿದ. "ನಡು ನಾವು ಬಿಟ್ಟಿದ್ವಿ. ಹತ್ತಡಿ ಆಚೆ ಕೊರೀರಿ. ಪಕ್ಕದಿಂದ ಹುಳ ತಿಂದ ಹಲ್ಲು ಮೇಲಿಂದ ನೋಡಿದ್ರೆ ಗಟ್ಟಿಯಾಗೇ ಕಾಣತ್ತೆ ಕಣ್ರೋ!"

"ಇನ್ನೆಷ್ಟು ತೂತು ಕೊರೀಬೇಕು, ನಿಮ್ಮ ತಲೆಗೊಂದು?" ಅಂದ ಯಾರೋ. ಯಂತ್ರವನ್ನು ಗಾಡಿಗೆ ಹೇರಿದರು.

ಆ ಚಳಿಗಾಲದಲ್ಲಿ ಮಕ್ಕಳು ಗುಡ್ಡ ದಾಟಿ ಎರಡು ಮೈಲಿ ಆಚೆಯ ಸರಕಾರಿ ಶಾಲೆಗೆ ಹಿಮದಲ್ಲಿ ನಡೆದವು. ಜನವರಿಯಲ್ಲಿ ಡಿನ್ನಿಯ ತಂಗಿಯ ಮಗಳು, ಎಂಟು ವರ್ಷದ್ದು, ಎದೆಗೆ ನೆಗಡಿ ಇಳಿದು ತೀರಿಕೊಂಡಿತು. ಶಾಲೆ ಬಿದ್ದು ಯಾರೂ ಸಾಯಲಿಲ್ಲ. ಶಾಲೆ ಮುಚ್ಚಿ ಒಂದು ಮಗು ಸತ್ತಿತು. ಊರು ಹಾಗೆಂದಿತು.

ಬಾರ್ಟ್ಲಿ ಆ ಮನೆಗೂ ಹೋದ. ಹೋಗದೆ ಇರುವುದು ಅವನಿಗೆ ಗೊತ್ತಿರಲಿಲ್ಲ. ಸಾವಿನ ಮನೆಗೆ ಬಂದವರಿಗೆಲ್ಲ ಹೊಗೆಸೊಪ್ಪು ತುಂಬಿದ ಮಣ್ಣಿನ ಚಿಲುಮೆ ಕೊಡುವುದು ಮೇಯೋ ಕಡೆಯವರ ವಾಡಿಕೆ. ಶತ್ರುವಿಗೂ ಕೊಡುತ್ತಾರೆ. ತಟ್ಟೆ ಕೈಯಿಂದ ಕೈಗೆ ಬಂತು. ಬಾರ್ಟ್ಲಿಯ ಎಡಗಡೆಯವನು ತೆಗೆದುಕೊಂಡ. ತಟ್ಟೆ ಬಾರ್ಟ್ಲಿಯ ಮಂಡಿಯ ಮೇಲಿಂದ ದಾಟಿ ಬಲಗಡೆಯವನ ಕೈಗೆ ಹೋಯಿತು. ಬಾರ್ಟ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ಪೆಟ್ಟಿಗೆಯಲ್ಲಿ ಮಲಗಿದ್ದ ಮಗುವಿನ ಬೂಟುಗಳನ್ನು ಒರೆಸಿ ಹೊಳಪು ಮಾಡಿದ್ದರು. ಎದ್ದು, ಯಾರಿಗೂ ಹೇಳದೆ ಹೊರಗೆ ಬಂದ.

ಚುನಾವಣೆಯಲ್ಲಿ ಅವನಿಗೆ ಬಿದ್ದದ್ದು ಮೂವತ್ತು ಚಿಲ್ಲರೆ ಓಟು. ಡಿನ್ನಿ ಮೇಯರ್ ಆದ. ಮೊದಲ ದಿನವೇ ಅವನು ಹಳೆಯ ಆಜ್ಞೆಯನ್ನು ಹರಿದು, ಈಸ್ಟರ್ ಕಳೆದ ಸೋಮವಾರ ಶಾಲೆ ತೆರೆಯುತ್ತದೆ ಎಂದು ಸಾರಿದ. ಬಿರುಕಿಗೆ ಸಿಮೆಂಟು ತುಂಬಿ ಸುಣ್ಣ ಬಳಿಸಿದರು. ಬಾಗಿಲನ್ನು ಮೂರನೆಯ ಸಲ ಹೆರೆಸಿದರು.

ಆ ದಿನಗಳಲ್ಲಿ ಬಾರ್ಟ್ಲಿಯ ಮನಸ್ಸಿಗೆ ಒಂದು ಕೆಟ್ಟ ಯೋಚನೆ ಬಂದು ಮನೆ ಮಾಡಿತ್ತು. ಬೆಳಿಗ್ಗೆ ಎದ್ದವನೇ ಕಿಟಕಿಯಿಂದ ಶಾಲೆಯ ಮಾಡನ್ನು ನೋಡುತ್ತಿದ್ದ. ಅದು ಹಾಗೇ ನಿಂತಿರುತ್ತಿತ್ತು. ನಿಂತಿದೆಯಲ್ಲ ಎಂದು ಎದೆಯೊಳಗೆ ಒಂದು ಬೇಸರ ಸುಳಿಯುತ್ತಿತ್ತು. ಬೀಳಲಿ, ಈಗಲೇ ಬೀಳಲಿ, ಖಾಲಿಯಿರುವಾಗಲೇ ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದ. ಮಕ್ಕಳಿಗಾಗಿ ಬೇಡುತ್ತಿದ್ದೇನೋ, ತನ್ನ ಮಾತು ನಿಜವಾಗಲೆಂದು ಬೇಡುತ್ತಿದ್ದೇನೋ ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸಿಗುತ್ತಿರಲಿಲ್ಲ. ಪಾಪನಿವೇದನೆಗೆ ಹೋದಾಗಲೂ ಇದನ್ನು ಹೇಳಲಾಗಲಿಲ್ಲ.

ಶಾಲೆ ತೆರೆಯುವ ಸೋಮವಾರ ಅವನು ಎಂಟು ಗಂಟೆಗೇ ಹೋಗಿ ಗೇಟಿನ ಎದುರಿಗೆ, ರಸ್ತೆಯ ಈಚೆ ನಿಂತ. ತಡೆಯುವ ಅಧಿಕಾರ ಈಗ ಇರಲಿಲ್ಲ. ಬೇಡಿಕೊಳ್ಳುವ ಮುಖವೂ ಇರಲಿಲ್ಲ. ತಾಯಂದಿರು ಮಕ್ಕಳ ಕೈ ಹಿಡಿದು ಬಂದರು. ಸಿಸ್ಟರ್ ಬೆನಿಗ್ನಾ ಗಂಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಫಾದರ್ ಕ್ರೀಗನ್ ತಲೆ ತಗ್ಗಿಸಿ ಜಪಸರ ಎಣಿಸುತ್ತಿದ್ದರು.

"ಬಿದ್ದಿಲ್ವಲ್ಲ ಇನ್ನೂ, ಮಾಜಿ ಮೇಯರ್ರೇ!" ಒಬ್ಬಳು ಕೂಗಿ ಹೇಳಿದಳು. ಬಾರ್ಟ್ಲಿ ತಲೆಯಾಡಿಸಿದ, ಹೌದು ಬಿದ್ದಿಲ್ಲ ಎಂಬಂತೆ.

ಮೊದಲು ಡಿನ್ನಿಯ ಮನೆಯ ಮಕ್ಕಳು ಒಳಗೆ ಹೋದವು. ಅವುಗಳ ಹಿಂದೆ ಇನ್ನಷ್ಟು.

ಆಗ ಸಬೀನಾ ಬಂದಳು, ಯೂನಾಳ ಕೈ ಹಿಡಿದುಕೊಂಡು. ಸಭೆಯ ದಿನದಿಂದ ಅವಳು ಚರ್ಚು ಬಿಟ್ಟು ಬೇರೆಲ್ಲೂ ಕಾಣಿಸಿಕೊಂಡಿರಲಿಲ್ಲ. ಹೆಂಗಸರು ದಾರಿ ಬಿಟ್ಟರು. ಮರ್ಟ್‌ನ ಹೆಂಡತಿಯೇ ಮೊಮ್ಮಗಳನ್ನು ಕರೆತಂದಳೆಂದರೆ ಮುಗಿಯಿತು, ಹೆಶನ್‌ನ ಮಾತು ಸುಳ್ಳೆಂದು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? "ಬಾಮ್ಮ ಸಬೀನಾ, ಒಳ್ಳೇ ಕೆಲಸ ಮಾಡ್ದೆ," ಅಂದಳು ಒಬ್ಬಳು.

ಸಬೀನಾ ಗೇಟಿನವರೆಗೆ ಬಂದಳು. ಅಲ್ಲಿ ನಿಂತಳು. ಮಗುವಿನ ಕೈ ಬಿಡಲಿಲ್ಲ. ಗೋಡೆಯನ್ನು ಬುಡದಿಂದ ಮೇಲಕ್ಕೆ, ಮೇಲಿನಿಂದ ಬುಡಕ್ಕೆ ನೋಡಿದಳು.

"ಅಜ್ಜಿ, ಗಂಟೆ ಹೊಡೀತಿದಾರೆ," ಅಂದಳು ಯೂನಾ. "ಎಲ್ಲಾರೂ ಹೋದ್ರು."

"ಹೋಗ್ಲಿ ಬಿಡು."

"ತಡ ಆದ್ರೆ ಸಿಸ್ಟರ್ ಬಯ್ತಾರೆ."

"ಬಯ್ಲಿ." ಸಬೀನಾ ತಿರುಗಿದಳು. ಅಲ್ಲಿದ್ದ ಹೆಂಗಸರ ಕಡೆ ನೋಡಿ ಗಟ್ಟಿಯಾಗಿ, ಒಂದೊಂದೇ ಮಾತಿಟ್ಟು ಹೇಳಿದಳು: "ನನ್ ಗಂಡ ಆ ಚಳಿಗಾಲದಲ್ಲಿ ದಿನಾ ಮನೆಗೆ ಬಂದು ಬೂಟು ಬಿಚ್ಚೋವಾಗ ಹೇಳ್ತಿದ್ದ, ಇವತ್ತು ಕಂಬದಿಂದ ಇಷ್ಟು ತೆಗೆದ್ವಿ ಸಬೀನಾ, ದೇವರು ನೋಡ್ದೆ ಇರ್ಲಿ ಅಂತ. ನಾನು ಸಾರು ಬಡಿಸ್ತಿದ್ದೆ. ಆ ಸಾರನ್ನ ನಾನೂ ತಿಂದಿದೀನಿ."

ಅವಳು ಮೊಮ್ಮಗಳನ್ನು ಎಳೆದುಕೊಂಡು ರಸ್ತೆ ದಾಟಿ ಬಂದಳು. ಬಾರ್ಟ್ಲಿ ಟೊಪ್ಪಿಗೆ ತೆಗೆದ.

"ಸಬೀನಾ..."

"ನಿಂಗೋಸ್ಕರ ಅಲ್ಲ," ಅಂದಳು ನಿಲ್ಲದೆ. "ನಿನ್ ಮುಖ ನಾನು ಸಾಯೋವರೆಗೂ ನೋಡಲ್ಲ." ಹಾಗೇ ಹೋದಳು. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಹೇಳಿದ ಹಾಗೆ ನಡೆದುಕೊಂಡಳು.

ಗೇಟಿನ ಬಳಿ ಒಬ್ಬಳು ತಾಯಿ ಮಗನ ಹೆಗಲು ಹಿಡಿದು ನಿಲ್ಲಿಸಿದಳು. ಇನ್ನೊಬ್ಬಳು ಶಾಲೆಯೊಳಗೆ ಓಡಿ ಹೋಗಿ ತನ್ನ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ಹಂದಿಗೂಡಿನ ಹೆಂಗಸು ತನ್ನ ಮೂವರನ್ನು ಮುಂದೆ ಬಿಟ್ಟುಕೊಂಡು ಗುಡ್ಡದ ಕಡೆ ಹೊರಟಳು. ಕೆಲವರು ಅಳುತ್ತಿದ್ದರು, ಕೆಲವರು ಬಯ್ಯುತ್ತಿದ್ದರು. ಯಾರನ್ನು ಬಯ್ಯುತ್ತಿದ್ದಾರೆಂದು ಅವರಿಗೂ ತಿಳಿದಂತಿರಲಿಲ್ಲ. ಅಷ್ಟು ಹೊತ್ತಿಗೆ ಡಿನ್ನಿ ಬಂದು ಮೆಟ್ಟಿಲ ಮೇಲೆ ನಿಂತು, ಇದೆಲ್ಲ ಒಬ್ಬ ಮುದುಕಿಯ ಮಾತು, ತೂತು ಕೊರೆದು ನೋಡಿದ್ದೇವೆ, ಹೆದರಬೇಡಿ ಎಂದು ಹೇಳತೊಡಗಿದ. ಅವನ ಮಾತು ಕೇಳಿ ನಿಂತವರೂ ಇದ್ದರು. ಹಿಮದಲ್ಲಿ ಗುಡ್ಡ ದಾಟಿಸಿ ಮಗು ಕಳೆದುಕೊಂಡ ಡಿನ್ನಿಯ ತಂಗಿ ಉಳಿದ ಹುಡುಗನನ್ನು ಕೈಹಿಡಿದು ಒಳಗೆ ಬಿಟ್ಟು ಬಂದಳು. ಹೋಗುವಾಗ ಬಾರ್ಟ್ಲಿಯ ಎದುರಿಗೆ ಒಂದು ಗಳಿಗೆ ನಿಂತು ಹೋದಳು.

ಒಂಬತ್ತು ಗಂಟೆಗೆ ಬಾಗಿಲು ಮುಚ್ಚಿತು. ಇನ್ನೂರ ಹನ್ನೆರಡು ಮಕ್ಕಳ ಶಾಲೆಯಲ್ಲಿ ನಲವತ್ತಮೂರು ಒಳಗೆ ಉಳಿದವು. ಬಾರ್ಟ್ಲಿ ಒಂದೊಂದಾಗಿ ಎಣಿಸಿದ್ದ. ಹೊರಗೆ ಉಳಿದವರ ಲೆಕ್ಕ ಅವನ ಮನಸ್ಸಿಗೆ ಬರಲೇ ಇಲ್ಲ.

ರಸ್ತೆ ಖಾಲಿಯಾಯಿತು. ಮಳೆ ಹನಿಯತೊಡಗಿತು. ಕಿಟಕಿಯಿಂದ ಮಕ್ಕಳ ರಾಗ ಕೇಳಿಸಿತು, ಹಿಂದಿನಷ್ಟು ಜೋರಾಗಿರಲಿಲ್ಲ. ಅವನು ಕುಂಟುಗಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹೊರಿಸಿ ಬೇಲಿ ಹಿಡಿದು ನಿಂತ. ಮೂರು ಗಂಟೆಗೆ ಶಾಲೆ ಬಿಟ್ಟಿತು. ನಲವತ್ತಮೂರೂ ಹೊರಗೆ ಬಂದವು. ಕೊನೆಯದು ಗೇಟು ದಾಟಿದ ಮೇಲೆ ಅವನು ಮನೆಗೆ ಹೋಗಿ, ಒದ್ದೆ ಕೋಟನ್ನು ಒಲೆಯ ಹತ್ತಿರ ಹಾಕಿದ, ನಾಳೆ ಎಂಟು ಗಂಟೆಗೆ ಒಣಗಿರಬೇಕಲ್ಲ ಎಂದು.